ಲೆಕ್ಕ ಸರಿ ಇದೆ, ಭಾವ

ಹೋದ ವಾರ ಮಾಗಡಿ ರೋಡಿನಲ್ಲಿ ನನ್ನ ಮುಂದಿದ್ದ ಹಳೇ ಟೆಂಪೊ ಕುದ್ದು ನಿಂತುಹೋಯಿತು. ಡ್ರೈವರ್ ಇಳಿದು, ಕೈಗೆ ಬಟ್ಟೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಿದ್ದೇ ತಡ, ಬುಸ್ ಎಂದು ಹಸಿರು ನೀರು ಆಳೆತ್ತರ ಚಿಮ್ಮಿತು. ಆ ವಾಸನೆ ನಿಮಗೂ ಗೊತ್ತಿರಬಹುದು. ಸ್ವಲ್ಪ ಸಿಹಿ, ಸ್ವಲ್ಪ ತುಕ್ಕು. ಹಿಂದಿನವರೆಲ್ಲ ಹಾರ್ನ್ ಬಡಿಯುತ್ತಿದ್ದರು. ನಾನು ಗಾಡಿ ಪಕ್ಕಕ್ಕೆ ಹಾಕಿ ಫುಟ್‌ಪಾತಿನ ಮೇಲೆ ಕುಳಿತುಬಿಟ್ಟೆ. ನಲವತ್ತು ದಾಟಿದ ಗಂಡಸು, ಹಾಡುಹಗಲೇ ರಸ್ತೆ ಬದಿಯಲ್ಲಿ ಕೂತಿದ್ದೇನೆ ಅಂದರೆ ನೋಡಿದವರು ಏನೆಂದುಕೊಂಡರೋ ಏನೋ.

ಆ ವಾಸನೆ ನನಗೆ ಅಂಟಿಕೊಂಡಿದ್ದು ಎರಡು ಸಾವಿರದ ಆರನೇ ಇಸವಿಯಲ್ಲಿ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ನಾನು ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದ್ದ ಭಾವನ ಶೆಡ್ಡಿಗೆ ಸೇರಿದ್ದೆ. ಭಾವ ಅಂದರೆ ಗಂಗರಾಜು, ನನ್ನ ಅಕ್ಕ ಸುಶೀಲಳ ಗಂಡ. ಶ್ರೀಗಂಧದ ಕಾವಲಿನ ಹಳೇ ಒಕ್ಕಲು ಮನೆತನ. ರಾಗಿ ಹೊಲವೆಲ್ಲ ಸೈಟುಗಳಾದ ಮೇಲೆ ಎರಡು ಲೇತು, ಲೋಹ ಕೊರೆಯುವ ಒಂದು ಮಿಲ್ಲಿಂಗ್ ಮೆಷಿನ್ನು ಹಾಕಿಕೊಂಡು ಓನರ್ ಆಗಿದ್ದ. ಎದುರಿಗೆ ಅವನನ್ನು ನಾನು 'ನೀವು' ಎಂದೇ ಮಾತಾಡಿಸುತ್ತಿದ್ದೆ. ಈಗ ಬರೆಯುವಾಗ ಬಹುವಚನ ಬರುತ್ತಿಲ್ಲ, ಕ್ಷಮಿಸಿ. ಅವನಿಗೆ ಬಾಯಿಗಿಂತ ಮೊದಲು ಕೈ ಬರುತ್ತಿತ್ತು. ಶೆಡ್ಡಿನಲ್ಲಿ ಕೆಲಸ ಕೆಟ್ಟರೆ ಕೈಗೆ ಸಿಕ್ಕಿದ್ದು ಹಾರುತ್ತಿತ್ತು. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಅಕ್ಕನ ಕೆನ್ನೆ ಬಾತುಕೊಳ್ಳುತ್ತಿತ್ತು. ನಾನು ಅದೇ ಮನೆಯಲ್ಲಿ ಉಣ್ಣುತ್ತಿದ್ದೆ, ಅದೇ ಮನೆಯ ಹಾಲಿನಲ್ಲಿ ಮಲಗುತ್ತಿದ್ದೆ. ಬೆಳಿಗ್ಗೆ ಅಕ್ಕ ಸೆರಗು ಮುಖದವರೆಗೆ ಎಳೆದುಕೊಂಡು ಕಾಫಿ ಕೊಟ್ಟರೆ ಲೋಟ ನೋಡುತ್ತಿದ್ದೆನೇ ಹೊರತು ಮುಖ ನೋಡುತ್ತಿರಲಿಲ್ಲ.

ನಾನೇನು ಕಡಿಮೆ ಇರಲಿಲ್ಲ. ಮೂಗಿನ ತುದಿಯಲ್ಲೇ ಕೋಪ. ಆ ಬೇಸಿಗೆಯಲ್ಲಿ ಗುಜರಿಯವನೊಬ್ಬ ತೂತಿರುವ ರೇಡಿಯೇಟರ್ ಕೊಟ್ಟ ಎಂದು ಅವನ ಕಾಲರ್ ಹಿಡಿದು ಗೋಡೆಗೆ ಒತ್ತಿ ಬಾಯಿಗೆ ಗುದ್ದಿದ್ದೆ. ಅವನ ಹಲ್ಲು ನನ್ನ ಬೆರಳಿಗೆ ತಾಗಿ ಕುಯ್ದಿತ್ತು. ಆ ಗಾಯವನ್ನು ಶೆಡ್ಡಿನವರಿಗೆಲ್ಲ ತೋರಿಸಿಕೊಂಡು ಓಡಾಡಿದೆ, ಥೂ.

ರೇಡಿಯೇಟರ್ ಯಾಕೆ ಬೇಕಾಗಿತ್ತು ಅಂದರೆ, ಬಸವೇಶ್ವರನಗರದಲ್ಲಿ ಪ್ರಸಾದ್ ಎನ್ನುವವರದೊಂದು ಅನಿಮೇಷನ್ ಸ್ಟುಡಿಯೊ ಇತ್ತು. ಮೊದಲ ಮಹಡಿಯ ಒಂದೇ ಕೋಣೆಯಲ್ಲಿ ಹನ್ನೆರಡು ಕಂಪ್ಯೂಟರು. ಪರದೇಶದ ಟಿವಿಗೆ ಗೊಂಬೆ ಚಿತ್ರ ತಯಾರಿಸಲು ಅವು ಹಗಲೂ ರಾತ್ರಿ ಓಡುತ್ತಿದ್ದವು. ಏಪ್ರಿಲ್ ಹೊತ್ತಿಗೆ ಆ ಕೋಣೆ ಬೇಕರಿಯ ಒಲೆಮನೆ ಆಗಿತ್ತು. ಫ್ಯಾನುಗಳು ಕಿರುಚುತ್ತಿದ್ದವು, ಎಸಿ ಹಾಕಿದರೆ ಕರೆಂಟ್ ಟ್ರಿಪ್ ಆಗುತ್ತಿತ್ತು, ಕಂಪ್ಯೂಟರುಗಳು ಬಿಸಿಯೇರಿ ತಾವಾಗಿ ಆಫ್ ಆಗುತ್ತಿದ್ದವು. ಗಾಳಿಯ ಬದಲು ನೀರು ಹರಿಸಿ ತಂಪು ಮಾಡಬಹುದೆಂದು ಪ್ರಸಾದ್ ಇಂಟರ್‌ನೆಟ್ಟಿನಲ್ಲಿ ಓದಿದ್ದರು. ಕಂಪ್ಯೂಟರಿನ ಪ್ರೊಸೆಸರ್ ಚಿಪ್ಪಿನ ಮೇಲೆ ಒಳಗಡೆ ಸಣ್ಣ ಸೀಳುಗಳಿರುವ ತಾಮ್ರದ ಬಿಲ್ಲೆಯೊಂದನ್ನು ಕೂರಿಸಬೇಕು. ಸೀಳುಗಳಲ್ಲಿ ನೀರು ಹಾಯ್ದು ಬಿಸಿಯನ್ನು ಎತ್ತಿಕೊಂಡು ಹೋಗಬೇಕು. ಬಾಲ್ಕನಿಯಲ್ಲಿಟ್ಟ ಕಾರಿನ ರೇಡಿಯೇಟರಿನಲ್ಲಿ ಆ ಬಿಸಿ ಬಿಟ್ಟು ವಾಪಸ್ ಬರಬೇಕು.

"ಆಗುತ್ತೆ ಸಾರ್, ಅದೇನು ಮಹಾ," ಎಂದುಬಿಟ್ಟ ಭಾವ. "ನಮ್ಮುಡುಗ ಲೆಕ್ಕ ಹಾಕ್ತಾನೆ, ಡಿಪ್ಲೊಮಾ ಓದವ್ನೆ."

ಲೆಕ್ಕ ಹಾಕಿದೆ. ನಿಜ ಹೇಳಬೇಕೆಂದರೆ ಆ ವರ್ಷ ನಾನು ಮನಸ್ಸಿಟ್ಟು ಮಾಡಿದ ಒಳ್ಳೇ ಕೆಲಸ ಅದೊಂದೇ. ಒಂದು ಪ್ರೊಸೆಸರ್ ನೂರು ವ್ಯಾಟ್ ಬಿಸಿ ಉಗುಳುತ್ತದೆ. ಹನ್ನೆರಡಕ್ಕೆ ಸಾವಿರದ ಇನ್ನೂರು. ನಿಮಿಷಕ್ಕೆ ಒಂದು ಲೀಟರ್ ನೀರು ಹರಿದರೆ, ಆ ನೂರು ವ್ಯಾಟನ್ನು ಹೊತ್ತುಕೊಂಡೂ ನೀರು ಒಂದೂವರೆ ಡಿಗ್ರಿಯಷ್ಟೂ ಬಿಸಿಯಾಗುವುದಿಲ್ಲ. ನೀರಿನ ತಾಕತ್ತೇ ಅಂಥದ್ದು. ಆದರೆ ತಾಮ್ರದಿಂದ ನೀರಿಗೆ ಬಿಸಿ ದಾಟುವುದು ಬೇರೆಯೇ ಲೆಕ್ಕ. ಅದಕ್ಕೆ ಸೀಳುಗಳು ಹೆಚ್ಚಿರಬೇಕು, ಕಿರಿದಾಗಿರಬೇಕು, ನೀರು ರಭಸವಾಗಿ ಹಾಯಬೇಕು. ಸೀಳು ಕಿರಿದಾದಷ್ಟೂ ನೀರನ್ನು ನೂಕುವುದು ಕಷ್ಟ. ಹರಿವು ಕಡಿಮೆಯಾದರೆ, ಬಸ್ಸೇ ಬಾರದ ವಿಜಯನಗರದ ಸ್ಟಾಪಿನಲ್ಲಿ ಜನ ನಿಂತ ಹಾಗೆ ಬಿಸಿ ತಾಮ್ರದಲ್ಲೇ ನಿಲ್ಲುತ್ತದೆ. ಕೂಡಿ ಕಳೆದು ಒಂದು ಮಿಲಿಮೀಟರ್ ಅಗಲದ ಸೀಳು ಎಂದು ತೀರ್ಮಾನಿಸಿದೆ. ಪಂಪಿನ ಡಬ್ಬದ ಮೇಲೆ ನಿಮಿಷಕ್ಕೆ ಇಪ್ಪತ್ತು ಲೀಟರ್ ಎಂದು ಬರೆದಿತ್ತು. ಹನ್ನೆರಡರಿಂದ ಭಾಗಿಸಿ, ಸಾಕೋಸಾಕು ಎಂದು ನೋಟ್‌ಬುಕ್ಕಿನಲ್ಲಿ ಗೀಟು ಎಳೆದೆ.

ಸೀಳು ಕೊರೆಯಬೇಕಾದವರು ಈರಣ್ಣ. ಗದಗಿನ ಕಡೆಯವರು, ನಮ್ಮ ಮಿಲ್ಲಿಂಗ್ ಆಪರೇಟರು. ನಲವತ್ತರ ಆಸುಪಾಸು, ತೆಳ್ಳಗಿನ ಆಳು, ಎರಡು ಮಾತಿನ ಕಡೆ ಅರ್ಧ ಮಾತಾಡುವವರು. ಕೆಂಗೇರಿಯಲ್ಲಿ ಒಂದು ರೂಮು ಮಾಡಿಕೊಂಡು ಹೆಂಡತಿ, ಎರಡು ಹೆಣ್ಣುಮಕ್ಕಳೊಂದಿಗೆ ಇದ್ದರು. ಬಲಗೈ ಹೆಬ್ಬೆರಳನ್ನು ಲೋಹದ ಮೇಲೆ ಸವರಿ, ಕೂದಲೆಳೆಯಷ್ಟು ಉಬ್ಬಿದ್ದರೂ ಹೇಳಿಬಿಡುತ್ತಿದ್ದರು. ಆಮೇಲೆ ಅಳೆದರೆ ಅಷ್ಟೇ ಇರುತ್ತಿತ್ತು.

ತಾಮ್ರ ದರಿದ್ರ ಲೋಹ. ಕಬ್ಬಿಣದ ಹಾಗೆ ಪುಡಿಪುಡಿಯಾಗಿ ಉದುರುವುದಿಲ್ಲ, ಕೊರೆಯುವ ಕಟರಿಗೆ ಅಂಟಿಕೊಂಡು ಎಳೆಯುತ್ತದೆ. ಮೊದಲ ನಾಲ್ಕು ಬಿಲ್ಲೆ ಹಾಳಾದವು, ಮೂರು ಕಟರ್ ಮುರಿದವು. ಮೂರನೇ ಕಟರ್ ಮುರಿದ ದಿನ ಭಾವ ನನ್ನ ಬಾಯಿಗೆ ಬಿಟ್ಟ ಏಟಿಗೆ ತುಟಿ ಒಡೆಯಿತು. ಎಲ್ಲರೆದುರಿಗೂ. ಅವನನ್ನು ತಿರುಗಿ ಹೊಡೆಯುವ ಧೈರ್ಯ ಎಲ್ಲಿಂದ ಬರಬೇಕು? ಅವನು ಹೊರಗೆ ಹೋದ ಮೇಲೆ ಕೈಯಲ್ಲಿದ್ದ ತಾಮ್ರದ ಬಿಲ್ಲೆಯನ್ನು ಬೀಸಿ ಒಗೆದೆ. ಅದು ಈರಣ್ಣನವರ ಕಿವಿಯ ಪಕ್ಕದಿಂದ ಹಾದು ಗೋಡೆಗೆ ಬಡಿಯಿತು. ಅವರು ಬಗ್ಗಿ ಅದನ್ನು ಎತ್ತಿಕೊಂಡು, ಮೂಲೆ ನೆಗ್ಗಿದೆಯೋ ಎಂದು ಹೆಬ್ಬೆರಳಿನಲ್ಲಿ ಸವರಿ ನೋಡಿದರು.

"ಕೆಲಸಕ್ಕ ಬರ್ತೈತಿ ಬಿಡ್ರಿ ಸರ," ಎಂದರು. "ಸೀಮೆಎಣ್ಣಿ ಹಚ್ಚಿ ಸಾವಕಾಶ ಕೊರದು ನೋಡೂಣು."

ಹಾಗೇ ಕೊರೆದರು. ಒಂದೊಂದು ಬಿಲ್ಲೆಯಲ್ಲೂ ಇಪ್ಪತ್ತು ಸೀಳು, ಒಂದೇ ಸಮ, ಬಾಚಣಿಗೆಯ ಹಲ್ಲಿನ ಹಾಗೆ. ಜೂನಿನಿಂದ ಸೆಪ್ಟೆಂಬರಿನವರೆಗೆ, ಬೇರೆ ಆರ್ಡರುಗಳ ನಡುವೆ ಬಿಡುವು ಮಾಡಿಕೊಂಡು ಹನ್ನೆರಡನ್ನೂ ಮುಗಿಸಿದರು.

ಸ್ಟುಡಿಯೊದಲ್ಲಿ ಎಲ್ಲ ಜೋಡಿಸಿ, ರೇಡಿಯೇಟರಿಗೆ ಹಾಕುವ ಹಸಿರು ಕೂಲಂಟನ್ನು ನೀರಿಗೆ ಬೆರೆಸಿ ಪಂಪು ಹಚ್ಚಿದ ದಿನ ನನ್ನ ಗೀಟಿನ ಸೊಕ್ಕು ಇಳಿಯಿತು. ಪಂಪಿಗೆ ಹತ್ತಿರದ ಕಂಪ್ಯೂಟರುಗಳಲ್ಲಿ ನೀರು ಧಾರಾಳವಾಗಿ ಹರಿಯುತ್ತಿತ್ತು. ದೂರದವಕ್ಕೆ ತೊಟ್ಟಿಕ್ಕುತ್ತಿತ್ತು. ಡಬ್ಬದ ಮೇಲಿನ ಇಪ್ಪತ್ತು ಲೀಟರ್ ಅನ್ನುವುದು ಮುಂದೆ ಪೈಪು, ಸೀಳು ಏನೂ ಅಡ್ಡವಿಲ್ಲದಾಗಿನ ಮಾತು. ಅಷ್ಟೂ ತಿಳಿಯದ ಡಿಪ್ಲೊಮಾ ನಾನು! ಈರಣ್ಣ ಅಂಗಡಿಯಲ್ಲಿ ಎಣ್ಣೆ ಅಳೆಯುವ ಒಂದು ಲೀಟರಿನ ಡಬ್ಬಿ ತಂದಿದ್ದರು. ಒಂದೊಂದೇ ಪೈಪಿನ ತುದಿಯನ್ನು ಅದರೊಳಗೆ ಬಿಟ್ಟು, "ಗಡಿಯಾರ ನೋಡ್ರಿ ಸರ," ಎನ್ನುತ್ತಿದ್ದರು. ಹತ್ತಿರದ ಪೈಪುಗಳ ವಾಲ್ವನ್ನು ತುಸು ತಿರುಗಿಸಿ ಬಿಗಿ ಮಾಡುವುದು, ದೂರದವನ್ನು ಪೂರ್ತಿ ತೆರೆಯುವುದು, ಮತ್ತೆ ಮೊದಲಿನಿಂದ ಅಳೆಯುವುದು. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದ್ದು ಸಂಜೆ ನಾಲ್ಕಕ್ಕೆ ಮುಗಿಯಿತು. ಹನ್ನೆರಡಕ್ಕೆ ಹನ್ನೆರಡೂ, ಒಂದು ಲೀಟರ್ ಒಂದು ನಿಮಿಷ. ನಾನು ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಬರೆದುಕೊಂಡೆ. ಮರುದಿನ ಆಯುಧಪೂಜೆ.

ಹೊಸ ಮೆಷಿನ್ನು ಆಯುಧಪೂಜೆಯ ದಿನವೇ ಶುರುವಾಗಬೇಕೆಂದು ಭಾವನ ಹಟ. ಮನೆಯ ಲಕ್ಷ್ಮಿ ಕೈಯಿಂದಲೇ ಪೂಜೆ ಆಗಬೇಕಂತೆ. ಲಕ್ಷ್ಮಿಗೆ ಹಿಂದಿನ ದಿನ ಬಿದ್ದ ಏಟಿಗೆ ಎಡಗಣ್ಣಿನ ಕೆಳಗೆ ನೀಲಿ ಕಟ್ಟಿತ್ತು. ಅಕ್ಕ ಅದರ ಮೇಲೆ ಪೌಡರ್ ಹಾಕಿಕೊಂಡು, ರೇಷ್ಮೆ ಸೀರೆ ಉಟ್ಟು, ತಟ್ಟೆ ಹಿಡಿದು ಬಂದಳು. ಕಂಪ್ಯೂಟರುಗಳಿಗೆಲ್ಲ ವಿಭೂತಿ ಎಳೆದಳು, ಕುಂಕುಮ ಇಟ್ಟಳು, ಸೇವಂತಿಗೆ ಏರಿಸಿದಳು. ಪ್ರಸಾದ್ ಬಾಗಿಲಲ್ಲಿ ಬೂದುಗುಂಬಳ ಒಡೆದರು. ಪೈಪಿನೊಳಗೆ ಗಾಳಿಗುಳ್ಳೆ ಉಳಿದಿದ್ದವು. ಅವು ಹೊರಗೆ ಹೋಗಲೆಂದು ನಾನು ಪೈಪುಗಳಿಗೆಲ್ಲ ನೀರು ಒದಗಿಸುವ ಸಣ್ಣ ಟ್ಯಾಂಕಿನ ಮುಚ್ಚಳ ತೆಗೆದಿಟ್ಟು, ಎಲ್ಲರ ಜೊತೆ ಕಡ್ಲೆಪುರಿ ತಿನ್ನಲು ಕೆಳಗೆ ಹೋದೆ. ಮೆಟ್ಟಿಲಿನಿಂದ ಒಂದು ಸಲ ತಿರುಗಿ ನೋಡಿದಾಗ ಅಕ್ಕ ಒಬ್ಬಳೇ ಟ್ಯಾಂಕಿನ ಮುಂದೆ ಕಣ್ಣು ಮುಚ್ಚಿ ನಿಂತಿದ್ದಳು. ಮುಷ್ಟಿಯಲ್ಲಿ ಏನೋ ಇತ್ತು. ವಾಪಸ್ ಬಂದು ಮುಚ್ಚಳ ಹಾಕಿದೆ, ಒಳಗೆ ನೋಡಲಿಲ್ಲ.

ಮೂರನೇ ದಿನ ಮಧ್ಯಾಹ್ನ ಪ್ರಸಾದ್ ಫೋನಿನಲ್ಲಿ ಅರಚುತ್ತಿದ್ದರು. ಹೋಗಿ ನೋಡುತ್ತೇನೆ, ಕೋಣೆಯ ತುಂಬ ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ, ಅದರ ಜೊತೆ ಆ ಸಿಹಿ ಸಿಹಿ ಹಸಿರು ನೀರಿನ ವಾಸನೆ. ಒಂದೊಂದಾಗಿ ಕಂಪ್ಯೂಟರುಗಳು ಕಾದು ಆಫ್ ಆಗಿದ್ದವು. ಬಿಸಿಗೆ ಮೆತ್ತಗಾದ ಪೈಪೊಂದು ಕಿತ್ತುಕೊಂಡು ಕರೆಂಟಿನ ಬೋರ್ಡಿನ ಮೇಲೆ ನೀರು ಸುರಿದು, ಬೋರ್ಡು ಬಾಂಬಿನ ಹಾಗೆ ಸಿಡಿದಿತ್ತು. ಅಲ್ಲೇ ಕೂತಿದ್ದ ಹುಡುಗಿಯೊಬ್ಬಳಿಗೆ ಶಾಕ್ ಹೊಡೆದು, ಅವಳು ಕುರ್ಚಿಯಿಂದ ಬಿದ್ದು ಹಣೆ ಒಡೆದುಕೊಂಡಿದ್ದಳು. ನೆಲದಲ್ಲಿ ನೀರಿನ ಜೊತೆ ಅವಳ ರಕ್ತ. ಪ್ರಸಾದ್ ನನ್ನ ಅಂಗಿ ಹಿಡಿದು, "ಕೊಲೆಗಡುಕ್ರು ಕಣ್ರೋ ನೀವು! ಅವಳು ಸತ್ತಿದ್ರೆ?" ಎಂದು ಜಗ್ಗಾಡಿದರು. ಆಮೇಲೆ ಭಾವನಿಗೆ ಫೋನ್ ಮಾಡಲು ಒಳಗೆ ಹೋದರು.

ಕಂಪ್ಯೂಟರುಗಳ ಕರೆಂಟೆಲ್ಲ ತೆಗೆದು ಪಂಪೊಂದನ್ನೇ ಬೇರೆ ಪ್ಲಗ್ಗಿಗೆ ಹಾಕಿ, ಈರಣ್ಣನ ಡಬ್ಬಿಯಲ್ಲೇ ಅಳೆದೆ. ಒಂದು ಲೀಟರ್ ತುಂಬಲು ನಾಲ್ಕು ನಿಮಿಷ. ಅವೇ ಸೀಳುಗಳು, ಅದೇ ಪಂಪು, ಹಬ್ಬದ ಹಿಂದಿನ ದಿನ ಒಂದು ನಿಮಿಷ, ಇವತ್ತು ನಾಲ್ಕು. ಹಾಗಿದ್ದರೆ ಒಳಗೆ ಏನೋ ಕಟ್ಟಿಕೊಂಡಿದೆ, ಬೇರೆ ಮಾತೇ ಇಲ್ಲ. ಬಾಲ್ಕನಿಗೆ ಒಯ್ದು ಒಂದು ಬಿಲ್ಲೆ ಬಿಚ್ಚಿದೆ.

ಸೀಳುಗಳ ಬಾಯಲ್ಲಿ ಹಳದಿ ಅಂಟು. ಬೆರಳಲ್ಲಿ ತೆಗೆದು ನೋಡಿದೆ. ಅಕ್ಷತೆ. ಅರಿಶಿನ ಹಚ್ಚಿದ ಅಕ್ಕಿಕಾಳು ಬೆಚ್ಚನೆ ನೀರಿನಲ್ಲಿ ಎರಡು ದಿನ ನೆನೆದು, ಉಬ್ಬಿ, ಒಡೆದು, ಗಂಜಿಯಾಗಿ, ಒಂದು ಮಿಲಿಮೀಟರಿನ ಬಾಗಿಲುಗಳನ್ನೆಲ್ಲ ಮುಚ್ಚಿತ್ತು. ಅಕ್ಕನ ಮುಷ್ಟಿ ನೆನಪಾಯಿತು. ನನ್ನ ಕೈಯಿಂದ ತೆಗೆದಿಟ್ಟ ಮುಚ್ಚಳವೂ ನೆನಪಾಯಿತು.

ಹನ್ನೆರಡನ್ನೂ ಬಿಚ್ಚಿ ಬಾಲ್ಕನಿಯ ನಲ್ಲಿಯಲ್ಲಿ ತೊಳೆದೆ. ಹಳದಿ ನೀರು ಕಳೆದು ತಿಳಿ ನೀರು ಬರುವ ತನಕ ಉಜ್ಜಿದೆ. ಒಂದನ್ನು ಮತ್ತೆ ಜೋಡಿಸಿ ಅಳೆದೆ. ಒಂದು ಲೀಟರ್, ಒಂದು ನಿಮಿಷ.

ಶೆಡ್ಡಿಗೆ ಬಂದಾಗ ಭಾವ ಬಾಗಿಲಲ್ಲೇ ನಿಂತಿದ್ದ. ಮುಖ ಕಪ್ಪಿಟ್ಟಿತ್ತು. ಲೇತುಗಳು ನಿಂತಿದ್ದವು. ಕೆಲಸದವರೆಲ್ಲ ಗೋಡೆಗೆ ಅಂಟಿಕೊಂಡಿದ್ದರು. ಈರಣ್ಣ ಮಾತ್ರ ತಮ್ಮ ಮೆಷಿನ್ನಿನ ಪಕ್ಕ ನಿಂತಿದ್ದರು.

"ಲೇ ನಾಗ, ಒಂದೇ ಮಾತಲ್ಲಿ ಹೇಳ್ಬುಡು," ಎಂದ ಭಾವ. "ಲೆಕ್ಕ ತಪ್ಪಾ, ಕೆಲಸ ತಪ್ಪಾ?"

ಅಕ್ಕಿಯ ವಿಷಯ ಹೇಳಿದರೆ ಇವತ್ತು ರಾತ್ರಿ ಅಕ್ಕ ಉಳಿಯುವುದಿಲ್ಲ ಎಂದುಕೊಂಡೆ. ಆಮೇಲೆ ಎಷ್ಟೋ ವರ್ಷ ಇದನ್ನೇ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ಸುಳ್ಳಲ್ಲ. ಆದರೆ ಮುಚ್ಚಳ ತೆಗೆದಿದ್ದವನು ನಾನು ಎಂಬುದೂ ಅದೇ ಹೊತ್ತಿಗೆ ತಲೆಯಲ್ಲಿತ್ತು. ಒಡೆದ ತುಟಿ ಇನ್ನೊಮ್ಮೆ ಒಡೆಯುತ್ತದೆ ಎಂಬ ಹೆದರಿಕೆಯೂ ಇತ್ತು.

"ಲೆಕ್ಕ ಸರಿ ಇದೆ, ಭಾವ," ಎಂದೆ.

ಅಷ್ಟೇ. ಸುಳ್ಳಲ್ಲ ನೋಡಿ! ಲೆಕ್ಕ ಸರಿಯೇ ಇತ್ತು. ಭಾವ ಈರಣ್ಣನ ಬಲಗೈ ಮಣಿಕಟ್ಟು ಹಿಡಿದು ಮಿಲ್ಲಿಂಗ್ ಮೆಷಿನ್ನಿನ ಮೇಜಿನ ಮೇಲೆ ಅಪ್ಪಳಿಸಿ ಅದುಮಿ ಹಿಡಿದ. "ಸೀಳು ಕಿರಿದು ಮಾಡ್ತೀಯೇನೋ ಬೋಳಿಮಗನೇ? ನನ್ನ ಮರ್ಯಾದೆ ಕಳೀತೀಯೇನೋ?" ಅಲ್ಲೇ ಬಿದ್ದಿದ್ದ ದಪ್ಪ ಸ್ಪ್ಯಾನರ್ ಎತ್ತಿ ಬೆರಳುಗಳ ಮೇಲೆ ಬಿಟ್ಟ. ಹಸಿ ಕಡ್ಡಿ ಮುರಿದ ಸದ್ದು. ಈರಣ್ಣ ಕಿರುಚಲಿಲ್ಲ, ಮೂಗಿನಿಂದ ಒಂದು ಉಸಿರು ಹೊರಗೆ ಬಂತು. ಭಾವ ಸ್ಪ್ಯಾನರ್ ಹಿಡಿದ ತೋಳಿನಿಂದ ಹಣೆಯ ಬೆವರು ಒರೆಸಿಕೊಂಡ. ನನ್ನ ಕಡೆ ತಿರುಗಿ, "ಇವನದ್ದೇ ತಾನೆ?" ಎಂದ. ನಾನು ನೆಲ ನೋಡಿದೆ. ನೆಲದ ಮೇಲೆ ತಾಮ್ರದ ಚೂರುಗಳು ಹೊಳೆಯುತ್ತಿದ್ದವು. ಇನ್ನೊಂದು ಏಟು ಬಿತ್ತು.

ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಪುಡಿಯಾಗಿದ್ದವು. ಹೇಗಾಯಿತು ಎಂದು ಡಾಕ್ಟರ್ ಕೇಳಿದರೆ ಈರಣ್ಣ, "ಜಾರಿ ಬಿದ್ನಿರಿ," ಎಂದರು. ಆ ಹೆಬ್ಬೆರಳು ಇನ್ನು ಮಡಚುವುದಿಲ್ಲ ಎಂದು ಡಾಕ್ಟರ್ ನನ್ನನ್ನು ಹೊರಗೆ ಕರೆದು ಹೇಳಿದರು. ಸವರಿದರೆ ತಿಳಿಯುತ್ತದೆಯೇ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

ವಾರದ ಮೇಲೆ, ಒಂದು ಸಂಜೆ ಅಕ್ಕ ಮುದ್ದೆ ತಿರುವುತ್ತಾ, "ಈರಣ್ಣ ಯಾಕೆ ಬರ್ತಿಲ್ವಂತೆ? ಮೆಷಿನ್ನಿಗೆ ಕೈ ಕೊಟ್ರಂತೆ?" ಎಂದಳು. ಭಾವ ಮನೆಗೆ ಹೇಳಿದ್ದು ಹಾಗೆ. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಅಕ್ಷತೆಯಿಂದ ಸ್ಪ್ಯಾನರಿನ ತನಕ.

"ನೀನ್ ಬಾಯ್ಬಿಡಬೇಡ ಅಕ್ಕ," ಎಂದೆ. "ನಿನಗೋಸ್ಕರನೇ ನಾನು ಸುಮ್ನಿದ್ದಿದ್ದು."

ಅವಳು ಕೋಲು ಹಿಡಿದ ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ಎಲ್ಲಾ ಮೆಷಿನ್‌ಗೂ ಹಾಕ್ದಂಗೆ ಅದಕ್ಕೂ ಹಾಕ್ದೆ ಕಣೋ. ಒಳ್ಳೇದಾಗ್ಲಿ ಅಂತ ಹಾಕ್ದೆ," ಎಂದಳು. ಕೋಲನ್ನು ಪಕ್ಕಕ್ಕಿಟ್ಟು, "ನನ್ನ ಹೆಸರಲ್ಲಿ ಇನ್ನೊಬ್ರ ಕೈ ಮುರಿಸಿದ್ಯಲ್ಲೋ, ಪಾಪಿ. ನಾನು ಕೇಳಿದ್ನೇನೋ ನಿನ್ನ?" ಎಂದು ಮುದ್ದೆ ಪಾತ್ರೆಯನ್ನು ಹಾಗೇ ಕೆಳಗಿಳಿಸಿದಳು. ಅವತ್ತು ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಶೆಡ್ಡಿಗೆ ನಡೆದು ಬಂದಳು. ತಮ್ಮ ಸಾಮಾನಿನ ಪೆಟ್ಟಿಗೆ ತೆಗೆದುಕೊಂಡು ಹೋಗಲು ಈರಣ್ಣನೂ ಬಂದಿದ್ದರು, ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್. ಅಕ್ಕ ಆ ಕೈ ನೋಡಿದಳು. ನೇರವಾಗಿ ಭಾವನ ಮುಂದೆ ಹೋಗಿ, ಏಳು ಜನ ಕೆಲಸದವರ ಎದುರಿಗೆ, "ನೀರಿಗೆ ಅಕ್ಷತೆ ಹಾಕಿದ್ದು ನಾನು. ಅದೇ ಕಟ್ಟಿಕೊಂಡಿದ್ದು. ಅವರದ್ದೇನೂ ತಪ್ಪಿಲ್ಲ. ಹೊಡಿಯೋದಿದ್ರೆ ನನ್ನ ಹೊಡೀರಿ," ಎಂದಳು.

ಭಾವನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಗೋಡೆಯ ಮೊಳೆಗೆ ನೇತುಹಾಕಿದ್ದ ಮೆಷಿನ್ ಬೆಲ್ಟ್ ಎಳೆದುಕೊಂಡ. ಮೊದಲ ಬೀಸಿಗೆ ಅಕ್ಕನ ಭುಜದ ರವಿಕೆ ಹರಿಯಿತು. ಗುಜರಿಯವನ ಹಲ್ಲು ಉದುರಿಸಲು ಹೋಗಿದ್ದ ನಾನು, ಸಿಕ್ಕಸಿಕ್ಕವರ ಮೇಲೆ ಎಗರಾಡುತ್ತಿದ್ದ ನಾನು, ಮಿಲ್ಲಿಂಗ್ ಮೆಷಿನ್ನಿನ ಪಕ್ಕ ಕಂಬದಂತೆ ನಿಂತಿದ್ದೆ. ಎರಡನೇ ಸಲ ಬೆಲ್ಟ್ ಮೇಲೆದ್ದಾಗ ಈರಣ್ಣ ಎಡಗೈಯಲ್ಲಿ ಅದನ್ನು ಹಿಡಿದುಕೊಂಡರು.

"ಬ್ಯಾಡ್ರಿ ಸಾವ್ಕಾರ್ರ. ಸಾಕು."

ಭಾವ ಅವರ ಹೊಟ್ಟೆಗೆ ಒದ್ದ. ಬಿಡಲಿಲ್ಲ. ಪ್ಲಾಸ್ಟರಿನ ಕೈ ಹಿಡಿದು ತಿರುಚಿದ. ಈರಣ್ಣನ ಮುಖವೆಲ್ಲ ಬೆವರಾಯಿತು, ಕಣ್ಣಿನಲ್ಲಿ ನೀರು ಬಂತು, ಬೆಲ್ಟ್ ಮಾತ್ರ ಬಿಡಲಿಲ್ಲ. ಅದನ್ನು ನೋಡಿ ಲೇತಿನವರಿಬ್ಬರು ಮುಂದೆ ಬಂದರು, ಅವರ ಹಿಂದೆ ಉಳಿದವರು. ಯಾರೂ ಹೊಡೆಯಲಿಲ್ಲ, ಸುಮ್ಮನೆ ಸುತ್ತ ನಿಂತರು. ಭಾವ ಒಬ್ಬೊಬ್ಬರ ಮುಖ ನೋಡಿ, ಬೆಲ್ಟ್ ಬಿಸಾಕಿ, ಬೈಕು ಹತ್ತಿ ಹೋದ. ಅಕ್ಕ ಆವತ್ತು ಆ ಮನೆಗೆ ವಾಪಸ್ ಹೋಗಲಿಲ್ಲ. ಬಿಡದಿಯ ಹತ್ತಿರದ ನಮ್ಮ ಚಿಕ್ಕಮ್ಮನ ಮನೆಗೆ ಹೋದವಳು, ಅಲ್ಲೇ ಹೊಲಿಗೆ ಹಾಕಿಕೊಂಡು ಇದ್ದುಬಿಟ್ಟಳು. ಹೊರಡುವ ಮುಂಚೆ ಈರಣ್ಣನಿಗೆ ಕೈ ಮುಗಿದಳು.

"ನೀವು ದೇವರಿಗಿ ಹಾಕೀರಿ ತಾಯಿ," ಎಂದರು ಈರಣ್ಣ. "ಅದರಾಗ ನಿಮ್ದೇನು ತಪ್ಪೈತಿ?"

ಅವರ ಪೆಟ್ಟಿಗೆ ಹೊತ್ತುಕೊಂಡು ಬಸ್ ಸ್ಟಾಪಿನವರೆಗೆ ನಾನು ಹೋದೆ. ದಾರಿಯಲ್ಲಿ ಮಾತು ನಾನೇ ಶುರು ಮಾಡಿದೆ. ಅಕ್ಕನನ್ನು ಉಳಿಸಬೇಕಾಗಿತ್ತು, ನಿಮಗೆ ಗೊತ್ತಲ್ಲ ಭಾವನ ಬುದ್ಧಿ, ಹೀಗಾಗುತ್ತದೆ ಎಂದುಕೊಂಡಿರಲಿಲ್ಲ, ಎಂದು ಏನೇನೋ ಒದರಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಹಬ್ಬದ ಹಿಂದಿನ ದಿನ ನಾವಿಬ್ರೂ ಕೂಡೇ ಅಳದಿದ್ವಿ ಅಲ್ರಿ ಸರ," ಎಂದರು. "ಹನ್ನೆರಡೂ ಬರೋಬರಿ ಇದ್ವು. ನೀವ ಬರಕೊಂಡಿದ್ರಿ."

"ಹೌದು ಈರಣ್ಣ."

"ಅದನ್ನ ನಾ ಹೇಳಿದ್ರ ಅವ್ರು ನಂಬ್ತಿದ್ದಿಲ್ಲ. ನೀವು ಹೇಳಿದ್ರ ನಂಬ್ತಿದ್ರು. ಅವ್ರು ಹೊಡಿಯೂ ಮುಂದ ನಾ ಅವರನ್ನ ನೋಡ್ಲಿಲ್ರಿ, ನಿಮ್ಮನ್ನ ನೋಡ್ತಿದ್ದೆ. ಈಗ ಹೇಳ್ತಾರ, ಈಗ ಹೇಳ್ತಾರ ಅಂತ."

ಕೆಂಗೇರಿಯ ಬಸ್ಸು ಬಂತು. ಪೆಟ್ಟಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹತ್ತಿದರು. ಆಮೇಲೆ ಅವರನ್ನು ನಾನು ನೋಡಿಲ್ಲ.

ಬಿದ್ದದ್ದು ಎರಡು ಏಟು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಭಾವ ಬೆವರು ಒರೆಸಿಕೊಂಡ, ನನ್ನ ಕಡೆ ತಿರುಗಿದ, ಕೇಳಿದ, ಕಾದ. ನನಗೆ ಬೇಕಾದಷ್ಟು ಹೊತ್ತು ಇತ್ತು.